ಕೆಸರಿನ ಮೇಲೆ ಕಟ್ಟಿದ ಊರಿನಲ್ಲಿ ಸೊರಬದ ಗಂಧ

ಕಾಲುವೆ ದಂಡೆಯ ಮನೆ

ಆಮ್‌ಸ್ಟರ್‌ಡ್ಯಾಮ್ ಊರಿನಲ್ಲಿ ನನ್ನನ್ನು ಮೊದಲು ತಡೆದದ್ದು ಮನೆಯೊಳಗಿನ ಒಂದು ಮೆಟ್ಟಿಲು. ಮೆಟ್ಟಿಲು ಅನ್ನುವುದು ಮರ್ಯಾದೆಯ ಮಾತು. ಅದು ಅಟ್ಟಕ್ಕೆ ಹತ್ತುವ ಏಣಿಯೇ. ನನ್ನ ಉಳಿ, ಕೊಡತಿ, ಗಂಧದ ಕೊರಡು ಇದ್ದ ಪೆಟ್ಟಿಗೆ ಅದರಲ್ಲಿ ಅರ್ಧಕ್ಕೆ ಹೋಗಿ ಸಿಕ್ಕಿಕೊಂಡಿತು. ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಪೆಟ್ಟಿಗೆಯ ಮೇಲ್ಗಡೆ ಬಸವಣ್ಯಪ್ಪನವರು, ಕೆಳಗಡೆ ನಾನು.

"ಮಂಜಪ್ಪನವ್ರೆ, ಅಲ್ಲೇ ನಿಂದರ್ರಿ. ನೀವು ಕೈ ಬಿಟ್ರ ನಾನೂ ಪೆಟ್ಟಿಗೆ ಕೂಡೇ ಬರ್ತೇನಿ," ಅಂದರು ಅವರು.

ಬಸವಣ್ಯಪ್ಪನವರು ಶಿಕಾರಿಪುರದವರು, ಕರಕುಶಲ ಇಲಾಖೆಯಲ್ಲಿ ಅಧಿಕಾರಿ. ನಾನು ಸೊರಬದವನು, ಗಂಧದ ಕೆತ್ತನೆ ಮಾಡುವವನು. ಏಕೀಕರಣವಾಗಿ ನಮ್ಮ ಮೈಸೂರು ರಾಜ್ಯ ದೊಡ್ಡದಾಗಿ ಎರಡು ವರ್ಷವಾಗಿತ್ತು. ಆಮ್‌ಸ್ಟರ್‌ಡ್ಯಾಮಿನಲ್ಲಿ ನಡೆಯುವ ಒಂದು ಕರಕುಶಲ ಪ್ರದರ್ಶನಕ್ಕೆ ಸರ್ಕಾರ ನಮ್ಮಿಬ್ಬರನ್ನು ಹಡಗು ಹತ್ತಿಸಿತ್ತು. ಕೆತ್ತುವುದು ನಾನು, ಇಂಗ್ಲಿಷ್ ಮಾತಾಡುವುದು ಅವರು.

ಮನೆಯೊಡತಿ ಯೊಹಾನ್ನಾ ಎಂಬ ವಿಧವೆ ನಮ್ಮ ಪಾಡು ನೋಡಿ ನಗಲಿಲ್ಲ. ಬೀದಿಗೆ ಹೋಗಿ ಮೇಲೆ ಕೈ ತೋರಿಸಿದಳು. ಮನೆಯ ಮುಂಬದಿಯ ತುತ್ತತುದಿಯಲ್ಲಿ ಒಂದು ದೊಡ್ಡ ಕಬ್ಬಿಣದ ಕೊಕ್ಕೆ. ಪೆಟ್ಟಿಗೆಯನ್ನು ಹೇಗೋ ಬಿಡಿಸಿ ಬೀದಿಗೆ ತಂದು, ಕೊಕ್ಕೆಯ ಮೇಲೆ ಹಗ್ಗ ಹಾಯಿಸಿ, ನಮ್ಮ ಊರಿನಲ್ಲಿ ಬಾವಿಯಿಂದ ಕೊಡ ಎಳೆಯುವ ಹಾಗೆ ಎಳೆದು ನಾಲ್ಕನೆಯ ಅಂತಸ್ತಿನ ಕಿಟಕಿಯಿಂದ ಒಳಗೆ ತೆಗೆದುಕೊಂಡೆವು. ಆ ದಂಡೆಯ ಮನೆಗಳೆಲ್ಲ ಬೀದಿಯ ಕಡೆಗೆ ಸ್ವಲ್ಪ ಬಾಗಿವೆ. ಕಟ್ಟಿದವರ ತಪ್ಪೆಂದು ನಾನು ತಿಳಿದಿದ್ದೆ. ಅಲ್ಲವಂತೆ. ಮೇಲೆ ಎಳೆಯುವ ಸರಕು ಗೋಡೆಗೆ ತಾಗಬಾರದು ಅಂತ ಬೇಕೆಂದೇ ಹಾಗೆ ಕಟ್ಟಿದ್ದಂತೆ.

"ಈ ಮನಿ ಕಟ್ಟಿದ್ದು ಮೊದಲ ಸರಕಿಗೆ, ಆಮೇಲೆ ಮನುಷ್ಯರಿಗೆ ಅಂತಾಳ್ರಿ ಈಕಿ," ಅಂತ ಬಸವಣ್ಯಪ್ಪನವರು ತಿಳಿಸಿದರು. "ನಾವು ಮಲಗೋ ಕೋಣಿಯಾಗ ಆಗಿನ ಕಾಲದಾಗ ಮೆಣಸಿನ ಚೀಲ ಇರತಿದ್ವಂತ."

"ಯಾವ ಮೆಣಸು, ಕೇಳಿ ಮಾರಾಯ್ರೆ," ಅಂದೆ.

ಕೇಳಿದರು. ಕಾಳುಮೆಣಸು. ಹಿಂದೂಸ್ಥಾನದ ಪಶ್ಚಿಮ ಕರಾವಳಿಯಿಂದಲೂ ಬರುತ್ತಿತ್ತಂತೆ. ನಾನು ತೊಲೆಯ ಹತ್ತಿರ ಹೋಗಿ ಮೂಸಿ ನೋಡಿದೆ. ಬರೀ ಹಳೆಯ ಮರದ ವಾಸನೆ. ಆದರೂ ಮನಸ್ಸು ತುಂಬಿತು. ನಮ್ಮ ಕಡೆಯ ಮೆಣಸು ಎತ್ತಿನ ಮೇಲೆ ಘಟ್ಟ ಇಳಿದು ಹೊನ್ನಾವರಕ್ಕೆ, ಬಸರೂರಿಗೆ ಹೋಗುತ್ತಿತ್ತು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಅಲ್ಲಿಂದ ಮುಂದೆ ಎಲ್ಲಿಗೆ ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಸಂಜೆ ಯೊಹಾನ್ನಾ ಕಾಫಿ ಕೊಟ್ಟಳು. ಜೊತೆಗೆ ಬಿಸ್ಕತ್ತಿನ ಡಬ್ಬಿ ತಂದು ತೆರೆದಳು. ನಾವು ಒಂದೊಂದು ತೆಗೆದುಕೊಂಡೆವು. ಬಸವಣ್ಯಪ್ಪನವರು ಎರಡನೆಯದಕ್ಕೆ ಕೈ ಚಾಚುವಷ್ಟರಲ್ಲಿ ಡಬ್ಬಿಯ ಮುಚ್ಚಳ ಬಿದ್ದಿತ್ತು. ಅವರ ಕೈ ಗಾಳಿಯಲ್ಲೇ ಒಂದು ಕ್ಷಣ ನಿಂತು, ಗಲ್ಲ ತುರಿಸಿಕೊಂಡು ವಾಪಸ್ಸು ಬಂತು. ನಮ್ಮಲ್ಲಿ ಬಂದವರು ಬೇಡ ಬೇಡ ಅಂದರೂ ಎಲೆಗೆ ಬಡಿಸುತ್ತೇವೆ. ಅಲ್ಲಿ ಒಂದು ಅಂದರೆ ಒಂದೇ. ಅದರಲ್ಲಿ ಜಿಪುಣತನವಿಲ್ಲ, ಕಪಟವೂ ಇಲ್ಲ. ಎಲ್ಲರ ಮನೆಯಲ್ಲೂ ಅದೇ ರೂಢಿ. ಕಿಟಕಿಗೆ ಪರದೆಯನ್ನೂ ಎಳೆಯುವುದಿಲ್ಲ. ಬೀದಿಯಲ್ಲಿ ಹೋಗುವವರು ಕುಳಿತ ಮನೆಮಂದಿಯನ್ನೆಲ್ಲ ನೋಡಿಕೊಂಡೇ ಹೋಗಬಹುದು. ನಮ್ಮಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ, ಬೇಕಾದರೆ ನೋಡಿ ಅನ್ನುವ ಗತ್ತು ಅದು.

ಪ್ರದರ್ಶನದ ಸಭಾಂಗಣ

ನಾನೂ ನಮ್ಮಣ್ಣನೂ ಹನ್ನೊಂದು ತಿಂಗಳು ಕೂತು ಒಂದು ಗಂಧದ ಪೆಟ್ಟಿಗೆ ಕೆತ್ತಿದ್ದೆವು. ಮುಚ್ಚಳದ ತುಂಬ ಬಳ್ಳಿ, ಬಳ್ಳಿಯ ನಡುವೆ ದಶಾವತಾರ. ಅಣ್ಣನ ಕಣ್ಣು ಮಂದವಾಗುತ್ತಿತ್ತು. ಅವನ ಕೈಯಿಂದ ಅಷ್ಟು ಸೂಕ್ಷ್ಮದ ಕೆಲಸ ಮತ್ತೆ ಆಗುವುದು ಸಂಶಯವೇ ಇತ್ತು.

ಪೆಟ್ಟಿಗೆಯ ಮೇಲೆ ಇನ್ನೂ ಒಂದು ಭಾರವಿತ್ತು. ಗಂಧದ ಮರ ಸರ್ಕಾರದ ಸ್ವತ್ತು. ಅವರು ಕೊಟ್ಟಷ್ಟೇ ನಮಗೆ. ಸೊರಬದ ಕೆತ್ತನೆಗೆ ಹೊರಗೆ ಗಿರಾಕಿಯಿಲ್ಲ, ಮುಂದಿನ ವರ್ಷದಿಂದ ಇವರಿಗೆ ಕೊಡುವ ಗಂಧವನ್ನು ಅರ್ಧ ಮಾಡಿ ಅಂತ ಮೇಲಿನವರೊಬ್ಬರು ಬರೆದಿದ್ದರು. ಬಸವಣ್ಯಪ್ಪನವರು ಹಿಂದಿರುಗಿ ಕೊಡುವ ವರದಿಯ ಮೇಲೆ ಅದು ತೀರ್ಮಾನವಾಗಬೇಕು. ಪ್ರದರ್ಶನದಲ್ಲಿ ಒಂದೊಂದು ದೇಶದಿಂದ ಒಂದೊಂದು ವಸ್ತುವನ್ನು ಆರಿಸಿ ಆ ಊರಿನ ವಸ್ತುಸಂಗ್ರಹಾಲಯದಲ್ಲಿ ಶಾಶ್ವತವಾಗಿ ಇಡುತ್ತಾರೆಂದು ಗೊತ್ತಾದಾಗ ನನಗೆ ಧೈರ್ಯ ಬಂದಿತ್ತು. ನಮ್ಮ ಪೆಟ್ಟಿಗೆಯನ್ನು ಬಿಟ್ಟು ಇನ್ನೇನನ್ನು ಆರಿಸುತ್ತಾರೆ ಅಂದುಕೊಂಡಿದ್ದೆ.

ಹೊರಗೆ ಕೈ ಮರಗಟ್ಟುವ ಚಳಿ. ಸಭಾಂಗಣದೊಳಗೆ ಕಬ್ಬಿಣದ ಕೊಳವೆಗಳಲ್ಲಿ ಬಿಸಿನೀರು ಹರಿಸಿ ಕೋಣೆಯನ್ನು ಒಣ ಬೆಚ್ಚಗೆ ಇಟ್ಟಿದ್ದರು. ಮೊದಲ ದಿನ ಆ ಶಾಖ ನಮಗೆ ಹಿತವಾಯಿತು. ಮೂರನೆಯ ದಿನ ಬೆಳಿಗ್ಗೆ ಗಾಜಿನ ಕಪಾಟಿನ ಮುಂದೆ ನಿಂತೆ. ಪೆಟ್ಟಿಗೆಯ ಮುಚ್ಚಳದ ಮೇಲೆ, ಕೂರ್ಮಾವತಾರದಿಂದ ಹಿಡಿದು ಅಂಚಿನವರೆಗೆ ಒಂದು ಬಿರುಕು ಓಡಿತ್ತು.

ನಮ್ಮ ಊರಿನ ತೇವದ ಗಾಳಿಯಲ್ಲಿ ಹದವಾದ ಮರ ಅದು. ಆ ಒಣ ಶಾಖಕ್ಕೆ ಮೈ ಬಿಗಿದುಕೊಂಡು ಸೀಳಿತ್ತು. ಬಸವಣ್ಯಪ್ಪನವರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ನೋಡಿದರು.

"ಮೇಣ ತುಂಬಿ ಮುಚ್ಚಾಕ ಬರ್ತೈತೇನ್ರಿ?"

"ಬರ್ತದೆ. ನೋಡ್ದೋರಿಗೆ ಗೊತ್ತಾಗೂದಿಲ್ಲ. ಆದ್ರೆ ಒಡೆದಿದ್ದನ್ನ ಸರಿಯಿದೆ ಅಂತ ಕೊಟ್ರೆ ನಮ್ಮಣ್ಣನ ಮುಖ ನೋಡೋಕಾಗ್ತದಾ?"

ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಕೆಳಗಿಟ್ಟೆವು. ಕಪಾಟು ಖಾಲಿಯಾಯಿತು. ಆಯ್ಕೆಗೆ ಉಳಿದಿದ್ದದ್ದು ಎಂಟು ದಿನ. ನನ್ನ ಹತ್ತಿರ ಇದ್ದದ್ದು, ಬಂದವರಿಗೆ ಕೆತ್ತನೆ ತೋರಿಸುವುದಕ್ಕೆಂದು ತಂದ ಒಂದು ಗಂಧದ ಕೊರಡು, ಒಂದೂವರೆ ಗೇಣು ಉದ್ದದ್ದು.

ನೆಲದ ಅಡಿಯಲ್ಲಿ

ಮರುದಿನ ಊಟ ಸೇರದೆ ಕೂತಿದ್ದೆ. ಯೊಹಾನ್ನಾಳ ಅಣ್ಣ ಹೆಂಡ್ರಿಕ್ ಬಂದ. ಎಪ್ಪತ್ತು ದಾಟಿದ ಮುದುಕ. ಬಂದರಿನ ಮರದ ಅಡ್ಡೆಯಲ್ಲಿ ದುಡಿದು ನಿವೃತ್ತನಾಗಿದ್ದವನು, ಇಂಗ್ಲಿಷ್ ಹಡಗಿನವರ ಜೊತೆ ವ್ಯವಹರಿಸಿ ಅವರ ಭಾಷೆ ಕಲಿತಿದ್ದ. ತಂಗಿಯಿಂದ ಸಂಗತಿ ತಿಳಿದು, ನನ್ನ ಕೈ ಹಿಡಿದು ಎಬ್ಬಿಸಿದ. ಮರ ಒಡೆದವನಿಗೆ ಮರ ತೋರಿಸುತ್ತೇನೆ ಬಾ ಅಂದನಂತೆ.

ದಾರಿಯಲ್ಲಿ ಗಾಡಿಯವನೊಬ್ಬ ಹಸಿ ಮೀನು ಮಾರುತ್ತಿದ್ದ. ಹೆಂಡ್ರಿಕ್ ಒಂದನ್ನು ಬಾಲ ಹಿಡಿದೆತ್ತಿ, ತಲೆ ಹಿಂದಕ್ಕೆ ಬಗ್ಗಿಸಿ, ಹಾಗೇ ಬಾಯಿಗಿಳಿಸಿದ. ನಮಗೂ ಒಂದೊಂದು ಚಾಚಿದ. ಬಸವಣ್ಯಪ್ಪನವರು ಕೊರಳಲ್ಲಿನ ಲಿಂಗದ ಮೇಲೆ ಕೈಯಿಟ್ಟು ನಾಲ್ಕು ಹೆಜ್ಜೆ ದೂರ ಸರಿದರು. ನಾನು ಮೀನು ತಿನ್ನುವವನೇ, ಆದರೆ ಒಲೆ ಕಂಡ ಮೀನು. ಕಣ್ಣು ಮುಚ್ಚಿ ಒಂದು ತುಂಡು ನುಂಗಿದೆ. ಉಪ್ಪುಪ್ಪಗೆ, ಬೆಣ್ಣೆಯ ಹಾಗೆ ಇಳಿಯಿತು. ಮುದುಕನಿಗೆ ಅದರಿಂದ ಬಹಳ ಸಂತೋಷವಾಯಿತು.

"ಈ ಊರು ಈ ಮೀನಿನ ಎಲುಬಿನ ಮ್ಯಾಲೆ ನಿಂತೈತಂತ್ರಿ, ಇದರ ವ್ಯಾಪಾರದಿಂದಾನ ಬೆಳದಿದ್ದಂತ," ಅಂದರು ದೂರದಿಂದಲೇ ಬಸವಣ್ಯಪ್ಪನವರು.

ಒಂದು ಓಣಿಯಲ್ಲಿ ಹಳೆಯ ಮನೆಯ ಅಡಿಪಾಯ ರಿಪೇರಿ ಮಾಡುತ್ತಿದ್ದರು. ಹೆಂಡ್ರಿಕ್ ಕೆಲಸದವರೊಡನೆ ಎರಡು ಮಾತಾಡಿ ನಮ್ಮನ್ನು ಗುಂಡಿಗೆ ಇಳಿಸಿದ. ಕಪ್ಪು ಕೆಸರು, ಪಾದ ಮುಳುಗುವಷ್ಟು ನೀರು. ಲಾಟೀನಿನ ಬೆಳಕಿನಲ್ಲಿ ಸಾಲು ಸಾಲಾಗಿ ಮರದ ಕಂಬಗಳ ತಲೆಗಳು ಕಂಡವು. ಆ ಊರಿಗೆ ಗಟ್ಟಿ ನೆಲವೇ ಇಲ್ಲ. ಇಡೀ ಕಾಡುಗಳನ್ನು ಉತ್ತರದ ದೇಶಗಳಿಂದ ಕೊಂಡು ತಂದು, ತಲೆಕೆಳಗಾಗಿ ಕೆಸರಿನಲ್ಲಿ ಹುಗಿದು, ಅದರ ಮೇಲೆ ಮನೆ ಕಟ್ಟಿದ್ದಾರೆ. ಹೆಂಡ್ರಿಕ್ ಹೇಳುತ್ತಾ ಹೋದ, ಆ ಊರಿನ ಹುಟ್ಟನ್ನು ನಾನು ಶಿಕಾರಿಪುರದ ಮಾತಿನಲ್ಲಿ ಕೇಳಿದೆ.

"ಮೊದಲ ಇಲ್ಲಿ ಏನೂ ಇರಲಿಲ್ಲಂತ್ರಿ. ಕೆಸರು, ನೀರು, ನಾಕು ಮಂದಿ ಮೀನು ಹಿಡಿಯೋರು. ನೀರಿನ ಕಾಟಕ್ಕ ನದಿಗೆ ಅಡ್ಡ ಒಂದು ಒಡ್ಡು ಹಾಕಿದ್ರಂತ. ಒಡ್ಡು ಹಾಕಿದ ಮ್ಯಾಲೆ ಸಮುದ್ರದ ಹಡಗು ಮುಂದ ಹೋಗಂಗಿಲ್ಲ, ನದಿ ದೋಣಿ ಈ ಕಡೆ ಬರಂಗಿಲ್ಲ. ಸರಕೆಲ್ಲಾ ಇಲ್ಲೇ ಇಳಸಬೇಕು, ಇಲ್ಲೇ ಏರಸಬೇಕು. ಇಳಸೋರೂ ಇವರ, ಏರಸೋರೂ ಇವರ. ಮುಂದ ಆ ಸೀಮಿ ದೊರಿ ಇವರಿಗೆ ಸುಂಕ ಮಾಫಿ ಮಾಡಿದ್ನಂತ. ಅಲ್ಲಿಗೆ ಹಿಡೀರಿ ನೋಡ್ರಿ, ಒಬ್ಬರ ಊರಿನ ಗೋದಿ ಇನ್ನೊಬ್ಬರಿಗೆ, ಅವರ ಮರ ಮತ್ತೊಬ್ಬರಿಗೆ, ನಡುವ ಇವರು."

"ನಮ್ಮಲ್ಲೂ ಕೆರೆಗೆ ಒಡ್ಡು ಹಾಕ್ತೇವಲ್ಲ," ಅಂದೆ.

"ನಾವು ಒಡ್ಡು ಹಾಕಿ ಗದ್ದಿ ಮಾಡಿದ್ವಿ. ಇವರು ಒಡ್ಡು ಹಾಕಿ ಪ್ಯಾಟಿ ಮಾಡಿದ್ರು."

ಮೆಣಸಿನ ಕತೆ ಕೊನೆಗೆ ಬಂತು. ಬೇರೆಯವರ ಕೈಯಿಂದ ಮೆಣಸು ಕೊಳ್ಳುವುದು ಬೇಡ, ನಾವೇ ಹೋಗಿ ತರೋಣ ಅಂತ ಆ ಊರಿನ ಕೆಲವು ವರ್ತಕರು ನಾಲ್ಕು ಹಡಗು ಕಳುಹಿಸಿದರಂತೆ. ಎರಡು ವರ್ಷಕ್ಕೆ ಮೂರು ಹಡಗು ಬಂದವು. ಹೋದ ಜನರಲ್ಲಿ ಉಳಿದು ಬಂದದ್ದು ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ. ತಂದ ಮೆಣಸು ಸ್ವಲ್ಪವೇ. ಸತ್ತವರಿಗಾಗಿ ಊರು ಅತ್ತಿತು, ಅಳುತ್ತಲೇ ಮುಂದಿನ ಹಡಗು ಕಟ್ಟಿತು. ಆಮೇಲೆ ದೊಡ್ಡ ಕಂಪನಿ ಆದಾಗ ಸಾಹುಕಾರರಷ್ಟೇ ಅಲ್ಲ, ಮನೆಗೆಲಸದ ಹೆಂಗಸು ಕೂಡ ತನ್ನ ಉಳಿತಾಯ ಹಾಕಿ ಅದರಲ್ಲಿ ಪಾಲು ಹಿಡಿದಳಂತೆ. ಆ ಕಂಪನಿ ಹೋದ ಕಡೆಯಲ್ಲೆಲ್ಲ ಒಳ್ಳೆಯದು ಮಾಡಲಿಲ್ಲ ಅನ್ನುವುದನ್ನೂ ಹೆಂಡ್ರಿಕ್ ಮುಚ್ಚಿಡಲಿಲ್ಲ. ದ್ವೀಪಗಳಲ್ಲಿ ಜಾಯಿಕಾಯಿ ಲವಂಗಕ್ಕಾಗಿ ರಕ್ತ ಹರಿಸಿದರು ಅಂತ ತಲೆ ತಗ್ಗಿಸಿ ಹೇಳಿದ.

ನಾನು ಒಂದು ಕಂಬದ ತಲೆಯನ್ನು ಉಗುರಿನಿಂದ ಕೆರೆದು ನೋಡಿದೆ. ಮುನ್ನೂರು ವರ್ಷದ ಮರ. ಒಳಗಿನ ಚೇಗು, ಮರದ ತಿರುಳು, ಗಟ್ಟಿಯಾಗಿತ್ತು.

"ಕೊಳೆತಿಲ್ಲ ಯಾಕೆ, ಕೇಳಿ."

ಹೆಂಡ್ರಿಕ್ ಉತ್ತರ ಹೇಳಿದ: ಮರಕ್ಕೆ ನೀರಿನ ಭಯವಿಲ್ಲ, ಒಣಗಿನ ಭಯವೂ ಇಲ್ಲ. ಇವತ್ತು ಒದ್ದೆ, ನಾಳೆ ಒಣಗು ಅಂತ ಅದನ್ನು ಅಲೆದಾಡಿಸಿದರೆ ಮಾತ್ರ ಅದು ಸಾಯುತ್ತದೆ.

ಆ ಮಾತು ನನ್ನ ತಲೆಗೆ ಇಳಿಯಿತು. ಗುಂಡಿಯಿಂದ ಮೇಲೆ ಬರುವಷ್ಟರಲ್ಲಿ ನಾನು ಒಂದು ನಿರ್ಧಾರ ಮಾಡಿಯಾಗಿತ್ತು. ಉಳಿದ ಕೊರಡಿನಲ್ಲಿ ಹೊಸದೊಂದು ಕೆತ್ತುವುದು. ಕೆತ್ತುವ ಜಾಗವೊಂದನ್ನು ಬಿಟ್ಟು ಉಳಿದುದನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದು. ಏನು ಕೆತ್ತುವುದು ಅನ್ನುವುದಷ್ಟೇ ಉಳಿದಿತ್ತು.

ಒಡ್ಡಿನ ಚೌಕ

ಆ ಹಳೆಯ ಒಡ್ಡು ಇದ್ದ ಜಾಗ ಈಗ ದೊಡ್ಡ ಚೌಕ. ಗುಂಡಿಯಿಂದ ಎದ್ದವರು ನೇರ ಅಲ್ಲಿಗೇ ಹೋದೆವು. ಅಲ್ಲಿ ಒಂದು ಕಲ್ಲಿನ ಅರಮನೆ ಇದೆ. ಅದು ರಾಜರಿಗೆಂದು ಕಟ್ಟಿದ್ದಲ್ಲ. ವರ್ತಕರು ತಮ್ಮ ಊರಿನ ಆಡಳಿತಕ್ಕೆ ಕಟ್ಟಿಕೊಂಡ ಚಾವಡಿ, ಆಮೇಲೆ ಅರಮನೆಯಾಯಿತು. ಅದರ ಕೆಳಗೂ ಹದಿಮೂರು ಸಾವಿರಕ್ಕೆ ಮೇಲ್ಪಟ್ಟು ಮರದ ಕಂಬಗಳಿವೆಯಂತೆ. ಕೆಸರಿನಲ್ಲಿ ಹುಟ್ಟಿದವರು ಅಷ್ಟು ಭಾರದ ಕಲ್ಲನ್ನು ಅಲ್ಲಿಗೆ ಹೊತ್ತು ತಂದರಲ್ಲ ಎಂದು ನಾನು ಮೆಚ್ಚಿ ನಿಂತೆ.

ಕಟ್ಟಡದ ಹಿಂಬದಿಗೆ ಹೋದಾಗ ಮೇಲ್ಗಡೆ, ಸೂರಿನ ಕೆಳಗಿನ ಮುಕ್ಕೋನದ ಕಲ್ಲಿನ ಭಾಗದಲ್ಲಿ ಒಂದು ಕೆತ್ತನೆ ಕಂಡಿತು. ನಾನು ಕೆಲಸದವನ ಕಣ್ಣಿನಿಂದಲೇ ನೋಡಿದೆ. ಒಳ್ಳೆಯ ಕೈ. ನಡುವೆ ಒಬ್ಬಳು ಹೆಣ್ಣು ಕೂತಿದ್ದಾಳೆ, ಅವಳೇ ಆಮ್‌ಸ್ಟರ್‌ಡ್ಯಾಮ್ ಊರು. ಎರಡೂ ಕಡೆಯಿಂದ ಪ್ರಪಂಚದ ನಾಲ್ಕು ಖಂಡದವರು ತಮ್ಮ ತಮ್ಮ ಸರಕು ಹಿಡಿದು ಅವಳ ಹತ್ತಿರ ಬರುತ್ತಿದ್ದಾರೆ. ಒಂಟೆಯ ಪಕ್ಕದಲ್ಲಿ ನಮ್ಮ ಏಷ್ಯಾ ಖಂಡ.

ನಾನು ಬಹಳ ಹೊತ್ತು ನೋಡಿದೆ. ಬಸವಣ್ಯಪ್ಪನವರು ಚಳಿಗೆ ಕಾಲು ಬದಲಾಯಿಸುತ್ತಿದ್ದರು.

"ಏನ್ ಕಂಡ್ರಿ?"

"ತಗೊಳ್ಳೋಳು ಕೂತಿದಾಳೆ. ಕೊಡೋರೆಲ್ಲ ಅವಳ ಹತ್ರ ನಡ್ಕೊಂಡು ಬಂದಿದಾರೆ. ನಾವು ಹಂಗೆ ಹೊತ್ಕೊಂಡು ಬಂದಿದ್ದು ಯಾವಾಗ? ಇವ್ರೇ ತಾನೆ ನಮ್ಮ ಬಾಗ್ಲಿಗೆ ಬಂದಿದ್ದು?"

"ಅದು ಅವರ ಕೆತ್ತನಿ ಬಿಡ್ರಿ."

"ಹೌದು. ಇನ್ನೊಂದು ನಾನು ಕೆತ್ತಬೇಕು."

ಆಗಲೇ ನನ್ನ ಕಣ್ಣಿಗೆ ಕಟ್ಟಿದವಳು ನಮ್ಮ ಸೊರಬದ ಹತ್ತಿರದ ಜಡೆ ಊರಿನ ಹಾಲಮ್ಮ. ನನ್ನ ಪ್ರಾಯದ ದಿನಗಳಲ್ಲಿ ಅವಳನ್ನು ಸಂತೆಯಲ್ಲಿ ನೋಡುತ್ತಿದ್ದೆ. ಹಿತ್ತಲಿನ ಹಲಸಿನ ಮರಕ್ಕೆ ಹಬ್ಬಿದ ಎರಡು ಬಳ್ಳಿಯ ಮೆಣಸು ತರುತ್ತಿದ್ದಳು. ಬುಟ್ಟಿಯನ್ನು ಸೊಂಟದಿಂದ ನೆಲಕ್ಕೆ ಇಳಿಸುತ್ತಿರಲಿಲ್ಲ. ವ್ಯಾಪಾರಿ ಎಷ್ಟೇ ದೊಡ್ಡವನಾಗಲಿ, ಅವಳು ನಿಂತಲ್ಲಿಗೆ ಎದ್ದು ಬಂದು, ಕಾಳು ಹಿಡಿದು ನೋಡಿ, ಸರಿಯಾದ ಬೆಲೆ ಹೇಳಬೇಕು. ಸೆಟ್ಟರೊಬ್ಬರು ಕೂತಲ್ಲಿಂದಲೇ ಕೈ ಬೀಸಿ ಕರೆದಾಗ, "ಬೇಕಾದೋರು ಬರ್ತಾರೆ, ನಂಗೆಂತ ಅವಸರ," ಅಂದಿದ್ದಳು. ಸೆಟ್ಟರು ಎದ್ದು ಬಂದಿದ್ದರು.

ಆರು ದಿನ

ಬಸವಣ್ಯಪ್ಪನವರಿಗೆ ನನ್ನ ಯೋಚನೆ ಹಿಡಿಸಲಿಲ್ಲ. ಆನೆ ಕೆತ್ತಿ, ನವಿಲು ಕೆತ್ತಿ, ಜನ ಮೆಚ್ಚುತ್ತಾರೆ ಅಂದರು.

"ಅವ್ರ ಮನಿಯಾಗ ನಿಂತು ಅವ್ರಿಗೆ ಎದುರುತ್ತರ ಕೊಟ್ಟಂಗ ಆಗ್ತೈತಿ. ಸರ್ಕಾರದ ಕೆಲಸಕ್ಕ ಬಂದೇವ್ರಿ ನಾವು."

"ಎದುರುತ್ತರ ಅಲ್ಲ ಮಾರಾಯ್ರೆ. ಅವ್ರ ಕತೆ ಅವ್ರು ಕೆತ್ತಿದಾರೆ, ಚೆಂದಾಗೇ ಕೆತ್ತಿದಾರೆ. ನಮ್ಮ ಕತೆ ನಾವಲ್ದೆ ಯಾರು ಕೆತ್ತಬೇಕು?"

ಮಧ್ಯಾಹ್ನದ ಮೇಲೆ ಅವರೇ ಒಂದು ಪಾತ್ರೆಯಲ್ಲಿ ನೀರು ತಂದು ನನ್ನ ಪಕ್ಕ ಇಟ್ಟು, ತಮ್ಮದೇ ಟವೆಲನ್ನು ಅದರಲ್ಲಿ ಅದ್ದಿ ಹಿಂಡಿದರು. ಅದೇ ಅವರ ಒಪ್ಪಿಗೆ.

ಸಭಾಂಗಣದಲ್ಲೇ, ಜನ ಓಡಾಡುತ್ತಿರುವಾಗಲೇ ಕೆತ್ತಿದೆ. ಮೊದಲ ದಿನ ಯಾರೂ ನಿಲ್ಲಲಿಲ್ಲ. ಎರಡನೆಯ ದಿನ ಉಳಿ ಚೇಗಿನೊಳಗೆ ಇಳಿದಾಗ ಗಂಧದ ಪರಿಮಳ ಎದ್ದಿತು. ಆ ಬಿಸಿ ಗಾಳಿ ನಮ್ಮ ಪೆಟ್ಟಿಗೆಯನ್ನು ಒಡೆದಿತ್ತಲ್ಲ, ಅದೇ ಈಗ ಪರಿಮಳವನ್ನು ಸಭಾಂಗಣದ ಮೂಲೆಮೂಲೆಗೆ ಹೊತ್ತೊಯ್ದಿತು. ಜನ ಮೂಗಿನ ದಾರಿ ಹಿಡಿದು ಬರತೊಡಗಿದರು. ಬಂದವರು ಗದ್ದಲ ಮಾಡುವುದಿಲ್ಲ, ತಳ್ಳಾಡುವುದಿಲ್ಲ. ಸರದಿಯಲ್ಲಿ ನಿಂತು, ಒಂದು ಚಕ್ಕೆ ಕೇಳಿ ಪಡೆದು, ಕೋಟಿನ ಜೇಬಿನಲ್ಲಿಟ್ಟುಕೊಂಡು ಹೋಗುತ್ತಾರೆ. ಹೆಂಡ್ರಿಕ್ ತನ್ನ ಹಳೆಯ ಅಡ್ಡೆಯ ಜೊತೆಗಾರರನ್ನೆಲ್ಲ ಕರೆತಂದ. ಆ ಮುದುಕರು ನನ್ನ ಮುಖ ನೋಡಲಿಲ್ಲ. ನನ್ನ ಕೈ, ಉಳಿಯ ಅಲಗು, ಮರದ ಎಳೆ, ಇಷ್ಟನ್ನೇ ನೋಡುತ್ತಾ ನಿಂತರು. ಅವರ ಮುಂದೆ ಕೆತ್ತುವಾಗ ನಮ್ಮ ಅಪ್ಪನ ಮುಂದೆ ಕೂತ ಹಾಗಿತ್ತು.

ಆರನೆಯ ದಿನ ಮುಗಿಯಿತು. ಎಡಕ್ಕೆ ಹಲಸಿನ ಮರ, ಅದನ್ನು ಅಪ್ಪಿದ ಮೆಣಸಿನ ಬಳ್ಳಿ. ನಡುವೆ ಹಾಲಮ್ಮ, ಬೆನ್ನು ನೆಟ್ಟಗೆ, ಬುಟ್ಟಿ ಸೊಂಟದಲ್ಲಿ, ಒಂದು ಕೈ ಬಳ್ಳಿಯ ಮೇಲೆ. ಅವಳ ಕಾಲ ಬಳಿ ನೀರು. ನೀರಿನ ಮೇಲೆ ಪುಟ್ಟ ಪುಟ್ಟ ಹಡಗು, ನಮ್ಮ ಕಡೆಯ ಗುಡವಿಯ ಕೆರೆಗೆ ದೂರ ದೇಶದಿಂದ ಬಂದಿಳಿಯುವ ಹಕ್ಕಿಗಳ ಹಾಗೆ, ಹಾಯಿ ಮಡಚಿಕೊಂಡು ಇಳಿಯುತ್ತಿವೆ. ಒದ್ದೆ ಬಟ್ಟೆ ಬಿಚ್ಚಿ ಎಲ್ಲ ಕಡೆ ಬೆರಳಾಡಿಸಿದೆ. ಕೂದಲಿನಷ್ಟೂ ಬಿರುಕಿರಲಿಲ್ಲ.

ಆಯ್ಕೆಯ ದಿನ

ಆರಿಸುವವರು ಮೂವರು. ಅವರ ಪೈಕಿ ವಸ್ತುಸಂಗ್ರಹಾಲಯದ ಮುಖ್ಯಸ್ಥೆ ಎತ್ತರದ ಹೆಂಗಸು, ಬಿಳಿ ಕೂದಲು. ಉಳಿದಿಬ್ಬರು ನೋಡಿ ಮುಂದೆ ಹೋದರೂ ಆಕೆ ಹೋಗಲಿಲ್ಲ. ಕನ್ನಡಕ ಹಣೆಗೇರಿಸಿ ಬಗ್ಗಿದಳು. ಹಡಗುಗಳನ್ನು ನೋಡಿದಳು, ಹಾಲಮ್ಮನನ್ನು ನೋಡಿದಳು. ಆಮೇಲೆ ಅರಮನೆ ಇರುವ ದಿಕ್ಕಿಗೆ ಒಮ್ಮೆ ತಿರುಗಿ ಏನೋ ಕೇಳಿದಳು.

ಬಸವಣ್ಯಪ್ಪನವರು ನನ್ನ ಕಡೆ ಬಗ್ಗಿದರು. "ಅರಮನಿ ಹಿಂದಿನ ಕೆತ್ತನಿ ನೋಡಿ ಇದನ್ನ ಮಾಡಿದಿರೇನು ಅಂತ ಕೇಳ್ತಾಳ್ರಿ. ಏನ್ ಹೇಳ್ಲಿ?"

"ಹೌದು ಅನ್ನಿ."

ಅವರು ಹೌದು ಅಂದರು. ಆಕೆ ಉಳಿದಿಬ್ಬರನ್ನು ವಾಪಸ್ಸು ಕರೆದಳು. ಮೂವರೂ ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದರು. ಪಕ್ಕದಲ್ಲಿದ್ದ ಹೆಂಡ್ರಿಕ್ ಕೇಳಿಸಿಕೊಳ್ಳುತ್ತಾ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಆಮೇಲೆ ಆಕೆ ನನ್ನ ಎದುರಿಗೆ ಬಂದು ಕೈ ಚಾಚಿದಳು.

ಬಸವಣ್ಯಪ್ಪನವರು ನನ್ನ ಹೆಗಲು ಹಿಡಿದುಕೊಂಡು ಹೇಳಿದರು. "ಮುನ್ನೂರು ವರ್ಷ ನಾವು ಈ ಕತಿನ ಒಂದ ಕಡೆಯಿಂದ ನೋಡಿದ್ವಿ, ಇನ್ನೊಂದು ಕಡೆ ನೀವು ತಂದ್ರಿ ಅಂತಾಳ್ರಿ. ಇದು ಇಲ್ಲೇ ಇರ್ತೈತಂತ, ಮಂಜಪ್ಪನವ್ರೆ. ಇಲ್ಲೇ ಇರ್ತೈತಂತ."

ಫಲಕದಲ್ಲಿ ಏನು ಬರೆಯಬೇಕು ಅಂತ ಕೇಳಿದರು. ಅವರು ಬರೆದುಕೊಂಡಿದ್ದದ್ದು 'ಗಂಧದ ಕೆತ್ತನೆ, ಭಾರತ' ಅಂತ ಮಾತ್ರ. ನಾನು ಸಾಲದು ಅಂದೆ. ಇವಳು ಜಡೆಯ ಹಾಲಮ್ಮ, ತಾಲ್ಲೂಕು ಸೊರಬ, ಅದನ್ನು ಬರೆಯಬೇಕು. ಆಕೆ ಪೆನ್ನು ಹಿಡಿದು ಒಂದೊಂದು ಅಕ್ಷರ ಕೇಳಿ ಬರೆದಳು. ಓದಿದಾಗ ಅದು ಜಡೆಯೂ ಆಗಲಿಲ್ಲ, ಸೊರಬವೂ ಆಗಲಿಲ್ಲ. ಬಸವಣ್ಯಪ್ಪನವರು ಮುಂದೆ ಬಂದು, ಶಾಲೆಯ ಮೇಷ್ಟ್ರಂತೆ ಬೆರಳೆತ್ತಿ, ಮೂರು ಸಲ ಹೇಳಿಸಿದರು. ಮರದ ಅಡ್ಡೆಯ ಮುದುಕರೂ ಹಿಂದೆ ನಿಂತು ಕೂಡಿ ಹೇಳಿದರು. ನಾಲ್ಕನೆಯ ಸಲಕ್ಕೆ ಆ ಸಭಾಂಗಣದಲ್ಲಿ ಸೊರಬ ಅನ್ನುವುದು ಸೊರಬವಾಗಿಯೇ ಕೇಳಿಸಿತು.

ಜಡೆ

ಹಿಂದಿರುಗಿದ ಮೇಲೆ ವರದಿ ಹೋಯಿತು. ಗಂಧ ಅರ್ಧವಾಗಲಿಲ್ಲ, ಇನ್ನೂ ನಾಲ್ಕು ಮನೆಗಳಿಗೆ ಹೊಸದಾಗಿ ಕೊಡುವ ಹುಕುಂ ಬಂತು. ಬಿರುಕು ಬಿಟ್ಟ ಪೆಟ್ಟಿಗೆಯನ್ನು ಅಣ್ಣ ತೊಡೆಯ ಮೇಲಿಟ್ಟುಕೊಂಡು, ಬೆರಳಿನಿಂದ ಸವರಿ, "ಮೇಣ ಹಾಕದೇ ತಂದಿದ್ದು ಒಳ್ಳೇದಾಯ್ತು," ಅಂದ. ನನಗೆ ಅಷ್ಟು ಸಾಕಾಗಿತ್ತು.

ಒಂದು ಬೆಳಿಗ್ಗೆ ಬಸ್ಸು ಹಿಡಿದು ಜಡೆಗೆ ಹೋದೆ. ಹಾಲಮ್ಮ ಅಂಗಳದಲ್ಲಿ ಬತ್ತ ಹರಡುತ್ತಿದ್ದಳು. ಹಲ್ಲು ಬಿದ್ದಿದ್ದವು, ಬೆನ್ನು ಮಾತ್ರ ಬಾಗಿರಲಿಲ್ಲ. ನಾನು ಯಾರೆಂದು ಹೇಳಿದೆ, ಎಲ್ಲಿಗೆ ಹೋಗಿದ್ದೆ ಎಂದು ಹೇಳಿದೆ, ಅವಳು ಈಗ ಎಲ್ಲಿ ನಿಂತಿದ್ದಾಳೆ ಎಂದೂ ಹೇಳಿದೆ. ಅವಳು ಕೈಯಲ್ಲಿದ್ದ ಬತ್ತವನ್ನು ಚಾಪೆಯ ಮೇಲೆ ಬಿಟ್ಟು ಕೂತಳು.

"ದಿನಾ ಜನ ನೋಡ್ತಾರಾ?"

"ದಿನಾ ನೋಡ್ತಾರೆ."

"ಎಂತ ಸೀರೆ ಉಡ್ಸಿದೀಯಾ ತಮ್ಮಾ ನಂಗೆ?"

"ದೊಡ್ಡಂಚಿಂದು. ನೆರಿಗೆ ಒಂದೊಂದೂ ಎಣಿಸ್ಬಹುದು."

ಅವಳು ಎದ್ದು, ಸೆರಗು ಸರಿಮಾಡಿಕೊಂಡು, ಬೇಲಿಯ ಹತ್ತಿರ ಹೋಗಿ ಅಕ್ಕಪಕ್ಕದ ಮನೆಯವರನ್ನೆಲ್ಲ ಹೆಸರು ಹಿಡಿದು ಕರೆದಳು. ಅಂಗಳ ತುಂಬಿತು. ನನಗೊಂದು ಮಣೆ ಹಾಕಿದಳು.

"ಈಗ ಹೇಳು," ಅಂದಳು. "ಮೊದ್ಲಿಂದ ಹೇಳು. ಒಂದೂ ಬಿಡಬೇಡ."

ನಾನು ಮೊದಲಿನಿಂದ ಹೇಳಿದೆ.